ನಿನ್ನ ಲೆಕ್ಕ ನಿನ್ನ ಕೈಲಿರಲಿ

ನೀನು ಮೈನೆರೆದ ಸುದ್ದಿ ಒಂದೇ ದಿನದಲ್ಲಿ ಇಡೀ ಬೀದಿಗೆ ಗೊತ್ತಾಯಿತು. ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಿದ. ಮುತ್ತೈದೆಯರು ಸಂಜೆ ಹೊತ್ತು ಬಂದು ಆರತಿ ಎತ್ತಿದರು. ಚಿಗಳಿ, ಕೊಬ್ಬರಿ ಬೆಲ್ಲ, ತುಪ್ಪ ಸುರಿದ ಮೆಂತ್ಯದ ಮುದ್ದೆ, ಬೇಡವೆಂದರೂ ಬಾಯಿಗಿಟ್ಟರು. ಹೊಸ ಸೀರೆ ಉಡಿಸಿ, ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಸಿದರು. ಈಚೀಚೆಗೆ ಕೆಲವು ಊರುಗಳಲ್ಲಿ ಫ್ಲೆಕ್ಸ್ ಕೂಡ ಕಟ್ಟುತ್ತಾರೆ. ಅಷ್ಟು ಜನ ಬಂದು ಹೋದರಲ್ಲ, ಅವರಲ್ಲಿ ಒಬ್ಬರಾದರೂ ನಿನ್ನ ಪಕ್ಕ ಕೂತು, 'ನಿನ್ನ ಹೊಟ್ಟೆಯೊಳಗೆ ನಡೆದದ್ದು ಇದು, ಇನ್ನು ಮುಂದೆ ತಿಂಗಳು ತಿಂಗಳು ನಡೆಯುವುದು ಇದು' ಎಂದು ಬಿಡಿಸಿ ಹೇಳಿದರೇ?

ಹೇಳಿರಲಾರರು. ದೇವರ ಮನೆ ಕಡೆ ಹೋಗಬೇಡ, ಉಪ್ಪಿನಕಾಯಿ ಭರಣಿ ಮುಟ್ಟಬೇಡ, ಹೂ ಕೀಳಬೇಡ, ಇನ್ನು ಮೇಲೆ ಹುಡುಗರ ಜೊತೆ ಮಾತು ಕಮ್ಮಿ ಮಾಡು. ಹೇಳಿದ್ದು ಇಷ್ಟೇ. ಬೇಡಗಳ ಪಟ್ಟಿ ಉದ್ದ ಇತ್ತು, ಕಾರಣ ಒಂದೂ ಇರಲಿಲ್ಲ.

ಹೈಸ್ಕೂಲಿನಲ್ಲಿ, ಪಿಯುಸಿಯಲ್ಲಿ ಓದುತ್ತಿರುವ ನಿನಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಚಿಕೊಳ್ಳದೆ ಓದು. ಅಕ್ಕಪಕ್ಕ ಕೂತವರಿಗೂ ಕೇಳುವ ಹಾಗೆ ಓದಿದರೆ ಇನ್ನೂ ಒಳ್ಳೆಯದು. ನಿನ್ನ ದೇಹ ಯಾವಾಗ ಗರ್ಭಕ್ಕೆ ಸಿದ್ಧವಾಗುತ್ತದೆ, ಯಾವಾಗ ಇಲ್ಲ, ಅದು ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬ ಲೆಕ್ಕ ಇಷ್ಟು ಕಾಲವೂ ಬೇರೆಯವರ ಕೈಯಲ್ಲಿತ್ತು. ಆ ಲೆಕ್ಕ ನಿನ್ನ ಕೈಗೆ ಬರಬೇಕು. ಮದುವೆಯಾದ ಮೇಲೆ ಗೊತ್ತಾಗುತ್ತೆ ಬಿಡು ಎನ್ನುವವರ ಮಾತು ಕೇಳಬೇಡ. ಆಗ ಗೊತ್ತಾಗುವುದು ಬಹಳ ತಡವಾಗಿ, ಬಹಳ ಬೆಲೆ ತೆತ್ತ ಮೇಲೆ.

ಮೊದಲು, ಅಂದು ಯಾರೂ ಹೇಳದ ವಿಷಯ. ನಿನ್ನ ಕಿಬ್ಬೊಟ್ಟೆಯ ಎಡಕ್ಕೊಂದು ಬಲಕ್ಕೊಂದು ಅಂಡಾಶಯ ಇವೆ. ನೀನು ಹುಟ್ಟಿದಾಗಲೇ ಅವುಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿದ್ದವು. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಇಡೀ ಬದುಕಿನಲ್ಲಿ ಪೂರ್ತಿ ಮಾಗಿ ಹೊರಬರುವುದು ನಾನೂರು ಐನೂರು ಮಾತ್ರ. ಇದನ್ನು ಓದುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ: ಯಾವ ಅಂಡಾಣುವಿನಿಂದ ನೀನು ಹುಟ್ಟಿದೆಯೋ ಅದು ನಿನ್ನ ಅಮ್ಮ ಇನ್ನೂ ನಿನ್ನ ಅಜ್ಜಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡಿತ್ತು. ಅಜ್ಜಿ ಬಸುರಿಯಾಗಿ ಕಳೆ ಕೀಳಲು ಹೋದಾಗ, ನೀರು ಸೇದಿದಾಗ, ನಿನ್ನ ಅರ್ಧ ಪಾಲು ಅವಳ ಜೊತೆಯಲ್ಲೇ ಹೊಲ ಬಾವಿ ಸುತ್ತಿತ್ತು.

ತಿಂಗಳಿಗೊಂದು ಅಂಡಾಣು ಮಾಗಿ ಅಂಡಾಶಯದಿಂದ ಹೊರಬರುತ್ತದೆ. ಪಕ್ಕದ ಅಂಡನಾಳ ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ. ಅದರ ಆಯಸ್ಸು 12ರಿಂದ 24 ಗಂಟೆ. ಅಷ್ಟರಲ್ಲಿ ವೀರ್ಯಾಣು ಸಿಕ್ಕರೆ ಗರ್ಭ, ಸಿಗದಿದ್ದರೆ ಇಲ್ಲ. ಇತ್ತ ಗರ್ಭಕೋಶ ಒಳಗೋಡೆಗೆ ರಕ್ತ ತುಂಬಿಕೊಂಡು ಮೆತ್ತಗೆ ಹಾಸಿಗೆ ಸಿದ್ಧ ಮಾಡಿರುತ್ತದೆ. ಗರ್ಭ ನಿಲ್ಲಲಿಲ್ಲ ಎಂದು ಗೊತ್ತಾದಾಗ ಆ ಒಳಪದರ ಕಳಚಿ ಹೊರಬರುತ್ತದೆ. ಅದೇ ಮುಟ್ಟು. ಕೆಟ್ಟ ರಕ್ತ ಹೊರಗೆ ಹೋಗುತ್ತೆ ಎಂದು ದೊಡ್ಡವರು ಹೇಳಿದರೆ ನಂಬಬೇಡ. ಅದು ಒಂದು ಕೂಸಿಗೆ ಆಸರೆ ಆಗಬಹುದಾಗಿದ್ದ ರಕ್ತ, ನಿನ್ನ ಕೈಕಾಲಿನಲ್ಲಿ ಹರಿಯುವಂಥದ್ದೇ.

ಹೆಣ್ಣು ಹೊಲ, ಗಂಡು ಬೀಜ ಎಂದು ನಮ್ಮ ಶಾಸ್ತ್ರಗಳು ಸಾವಿರಾರು ವರ್ಷ ಹೇಳಿಕೊಂಡು ಬಂದವು. ಮಗುವಿನ ಜೀವ ಪೂರ್ತಿ ಗಂಡಸಿನದು, ಹೆಂಗಸು ಬೆಳೆಯುವ ಜಾಗ ಕೊಟ್ಟವಳು ಅಷ್ಟೇ ಎಂಬ ನಂಬಿಕೆ ಅದು. ಯುರೋಪಿನವರೂ ಇದಕ್ಕಿಂತ ಮೇಲಿರಲಿಲ್ಲ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಕಣ್ಣಾರೆ ಕಂಡದ್ದು 1827ರಲ್ಲಿ, ಅದೂ ಒಂದು ನಾಯಿಯಲ್ಲಿ. ಈಗ ಗೊತ್ತಿರುವ ಸತ್ಯ ಇದು: ಮಗುವಿನ 46 ವರ್ಣತಂತುಗಳಲ್ಲಿ 23 ತಾಯಿಯ ಅಂಡಾಣುವಿನದು, 23 ತಂದೆಯ ವೀರ್ಯಾಣುವಿನದು. ನೀನು ಯಾರ ಹೊಲವೂ ಅಲ್ಲ. ಬೀಜ ನಿನ್ನಲ್ಲೂ ಇದೆ.

ಇನ್ನು ಲೆಕ್ಕಕ್ಕೆ ಬರೋಣ. ಅಂಡಾಣು ಯಾವ ದಿನ ಹೊರಬರುತ್ತದೆ? ನೂರು ವರ್ಷದ ಹಿಂದೆ ಡಾಕ್ಟರುಗಳಿಗೇ ಇದು ತಿಳಿದಿರಲಿಲ್ಲ. ಮುಟ್ಟಿನ ಆಸುಪಾಸಿನಲ್ಲೇ ಗರ್ಭ ನಿಲ್ಲುತ್ತದೆ ಎಂದು ಬಹಳ ಮಂದಿ ನಂಬಿದ್ದರು. ಜಪಾನಿನ ಕ್ಯೂಸಾಕು ಒಗಿನೊ ಎಂಬ ವೈದ್ಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅಂಡಾಶಯಗಳನ್ನು ಗಮನಿಸುತ್ತ, ಆ ಹೆಂಗಸರ ಮುಟ್ಟಿನ ದಿನಗಳ ಜೊತೆ ತಾಳೆ ನೋಡುತ್ತ 1924ರಲ್ಲಿ ತನ್ನ ಉತ್ತರ ಪ್ರಕಟಿಸಿದ. ಆಸ್ಟ್ರಿಯಾದ ಹರ್ಮನ್ ಕ್ನಾಸ್ ಬೇರೆ ದಾರಿಯಿಂದ ಅಲ್ಲಿಗೇ ಬಂದ. ಗುಟ್ಟು ಇಷ್ಟು: ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬಾರದು, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಮುಂದಿನ ಮುಟ್ಟು ಬರುವ ಸುಮಾರು 14 ದಿನ ಮೊದಲು, ಒಂದೆರಡು ದಿನ ಆಚೀಚೆ, ಅಂಡಾಣು ಹೊರಬಿದ್ದಿರುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ, ಪೆನ್ನು ತಗೋ. ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಜೂನ್ 3ಕ್ಕೆ ಮುಟ್ಟು ಬಂತು ಎಂದುಕೋ. ಆಮೇಲೆ ಜುಲೈ 4, ಆಗಸ್ಟ್ 1, ಸೆಪ್ಟೆಂಬರ್ 6. ನಡುವಿನ ಅಂತರ 31 ದಿನ, 28 ದಿನ, 36 ದಿನ. ಹದಿಹರೆಯದಲ್ಲಿ ಇಂಥ ಏರುಪೇರು ಸಹಜ, 21ರಿಂದ 45 ದಿನದವರೆಗೂ ಸರಿಯೇ. ಈಗ ಹಿಂದಕ್ಕೆ ಎಣಿಸು. ಜುಲೈ 4ರಿಂದ 14 ದಿನ ಹಿಂದೆ ಹೋದರೆ ಜೂನ್ 20, ಅಂದರೆ ಆ ಸುತ್ತಿನ 18ನೇ ದಿನ. ಆಗಸ್ಟ್ 1ರಿಂದ ಹಿಂದೆ ಹೋದರೆ ಜುಲೈ 18, ಅದು 15ನೇ ದಿನ. ಸೆಪ್ಟೆಂಬರ್ 6ರಿಂದ ಹಿಂದೆ ಹೋದರೆ ಆಗಸ್ಟ್ 23, ಆ ಸುತ್ತಿನ 23ನೇ ದಿನ! ಒಬ್ಬಳೇ ಹುಡುಗಿ, ಮೂರು ತಿಂಗಳು, ಮೂರೂ ಬೇರೆ ಬೇರೆ ದಿನ. ಅದೂ ಮುಟ್ಟು ಬಂದ ಮೇಲೆ ಎಣಿಸಿದ್ದಕ್ಕೆ ಗೊತ್ತಾಯಿತು. ಆಗಸ್ಟ್ 18ರಂದು ಅವಳನ್ನು ಕೇಳಿದ್ದರೆ ಅವಳಿಗೂ ಹೇಳಲು ಆಗುತ್ತಿರಲಿಲ್ಲ, ಜಗತ್ತಿನ ಯಾವ ಕ್ಯಾಲೆಂಡರಿಗೂ ಆಗುತ್ತಿರಲಿಲ್ಲ.

ಇದಕ್ಕೆ ಇನ್ನೊಂದನ್ನು ಸೇರಿಸು. ಅಂಡಾಣು ಬದುಕುವುದು ಒಂದು ದಿನವಾದರೆ, ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿ ಕಾಯಬಲ್ಲವು. ಹಾಗಾಗಿ ಗರ್ಭ ನಿಲ್ಲಬಹುದಾದ ದಿನಗಳು ಒಂದಲ್ಲ, ಆರು. ಆ ಹುಡುಗಿಯ ಪಾಲಿಗೆ ಆಗಸ್ಟ್ 18ರಿಂದ 23ರವರೆಗೆ.

'ಇವತ್ತು ಸೇಫ್ ಡೇ, ಏನೂ ಆಗಲ್ಲ' ಎಂದು ನಿನಗೆ ಯಾರಾದರೂ ಹೇಳಿದರೆ, ಈ ಮೂರು ತಿಂಗಳ ಲೆಕ್ಕ ನೆನಪಿಸಿಕೋ. ಹೇಳಿದವನಿಗೆ ಗೊತ್ತಿರುವುದು ಎಲ್ಲೋ ಕೇಳಿದ 14ನೇ ದಿನದ ಮಾತು ಮಾತ್ರ. ಮೊದಲ ಸಲ ಏನೂ ಆಗಲ್ಲ ಎಂಬುದೂ ಸುಳ್ಳು. ಮುಟ್ಟಿನ ದಿನಗಳಲ್ಲಿ ಆಗುವುದೇ ಇಲ್ಲ ಎಂಬುದೂ ಸುಳ್ಳು, ಸುತ್ತು ಗಿಡ್ಡದಾಗಿದ್ದರೆ ಆಗಬಹುದು. ಇನ್ನೂ ಮೈನೆರೆಯದ ಹುಡುಗಿಗೆ ಗರ್ಭ ನಿಲ್ಲುವುದೇ ಇಲ್ಲ ಎಂಬುದು ಎಲ್ಲಕ್ಕಿಂತ ಅಪಾಯದ ಸುಳ್ಳು: ಮೊದಲ ಮುಟ್ಟಿಗೆ ಮುಂಚೆಯೇ ಮೊದಲ ಅಂಡಾಣು ಬಿಡುಗಡೆಯಾಗುವುದುಂಟು. ಈ ವಯಸ್ಸಿನಲ್ಲಿ ದಿನ ಎಣಿಸುವ ಜ್ಞಾನ ನಿನ್ನ ದೇಹವನ್ನು ಅರಿಯಲಿಕ್ಕೆ. ಗರ್ಭ ತಡೆಯುವ ಉಪಾಯ ಎಂದು ಅದನ್ನು ನೆಚ್ಚಿಕೊಂಡರೆ ಕೈ ಕೊಡುತ್ತದೆ.

18 ತುಂಬುವ ಮೊದಲು ಯಾರೇ ಆಗಲಿ, ಪ್ರೀತಿಸುತ್ತೇನೆ ಎಂದವನೇ ಆಗಲಿ, ಮನೆಯ ನೆಂಟನೇ ಆಗಲಿ, ನಿನ್ನನ್ನು ಲೈಂಗಿಕವಾಗಿ ಬಳಸಿಕೊಂಡರೆ ಅದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ತಪ್ಪು ಅವನದು. ಏನಾದರೂ ನಡೆದುಹೋಗಿದ್ದರೆ ಬಾಯಿ ಮುಚ್ಚಿಕೊಂಡು ದಿನ ತಳ್ಳಬೇಡ. ಗರ್ಭ ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ತಗೋಬೇಕು. ಗರ್ಭ ನಿಂತಿದ್ದರೂ ದಾರಿ ಇದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ಅಪ್ರಾಪ್ತ ಹುಡುಗಿಯರಿಗೆ 24 ವಾರದವರೆಗೆ ಅವಕಾಶ ಕೊಟ್ಟಿದೆ. ಊರ ಸೂಲಗಿತ್ತಿಯ ಕಡ್ಡಿ, ಮೆಡಿಕಲ್ ಶಾಪಿನವನು ಗುಟ್ಟಾಗಿ ಕೊಡುವ ಮಾತ್ರೆ, ಇವುಗಳ ಹತ್ತಿರ ಸುಳಿಯಬೇಡ. 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ತೆರೆದಿರುತ್ತದೆ, ಕಾಸು ಬೇಕಿಲ್ಲ.

ಇನ್ನು ಬಿಳಿ ಹೋಗುವ ಮಾತು. ಹೈಸ್ಕೂಲು ಹುಡುಗಿಯರಿಗೆ ಚೀಟಿಯಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆಯಿರಿ ಎಂದರೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದೇ. 'ಬಿಳಿ ಹೋಗುತ್ತೆ, ಮೂಳೆ ಕರಗ್ತಾ ಇದೆಯಾ?' 'ಬಿಳಿ ಹೋಗಿ ಹೋಗಿ ಸಣ್ಣ ಆಗ್ತಿದೀನಿ, ಮುಂದೆ ಮಕ್ಕಳಾಗಲ್ವಾ?' ಎಷ್ಟು ಹುಡುಗಿಯರು ಈ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಒಬ್ಬರೇ ಒದ್ದಾಡುತ್ತಾರೋ! ಕೇಳು: ಮೂಳೆ ಕರಗುವುದಿಲ್ಲ. ಶಕ್ತಿ ಸೋರಿಹೋಗುವುದೂ ಇಲ್ಲ. ಗರ್ಭಕೋಶದ ಬಾಯಿಯಿಂದ ಬರುವ ಆ ದ್ರವ ತಿಂಗಳ ಉದ್ದಕ್ಕೂ ಬದಲಾಗುತ್ತ ಹೋಗುತ್ತದೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿರುತ್ತದೆ. ಆಮೇಲೆ ಅಂಟಂಟಾಗಿ, ಬೆಳ್ಳಗೆ, ಮಂದವಾಗಿ ಕಾಣುತ್ತದೆ. ಅಂಡಾಣು ಹೊರಬರುವ ದಿನ ಹತ್ತಿರ ಬಂದಂತೆ ತೆಳ್ಳಗಾಗಿ, ತಿಳಿಯಾಗಿ, ಜಾರುವಂತೆ ಆಗುತ್ತದೆ. ಪುಸ್ತಕಗಳು ಇದನ್ನು ಮೊಟ್ಟೆಯ ಬಿಳಿಭಾಗಕ್ಕೆ ಹೋಲಿಸುತ್ತವೆ. ನಿಮ್ಮ ಹಿತ್ತಲಲ್ಲಿ ಲೋಳೆಸರ ಇದ್ದರೆ ಒಂದು ಎಸಳು ಮುರಿದು ನೋಡು, ಎರಡು ಬೆರಳ ನಡುವೆ ತುಂಡಾಗದೆ ಎಳೆಯಾಗಿ ಹಿಗ್ಗುತ್ತದಲ್ಲ, ಹಾಗೆ. ವೀರ್ಯಾಣು ಸುಲಭವಾಗಿ ಒಳಗೆ ಸಾಗಲೆಂದು ದೇಹ ಮಾಡಿಕೊಂಡ ವ್ಯವಸ್ಥೆ ಅದು. ಅಂಡಾಣು ಬಿಡುಗಡೆಯಾದ ಮೇಲೆ ಮತ್ತೆ ಗಟ್ಟಿಯಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಏಳುವ ಮುಂಚಿನ ಮೈಬಿಸಿಯೂ ಆಗ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟಿನಷ್ಟು ಏರಿ ಮುಂದಿನ ಮುಟ್ಟಿನ ತನಕ ಹಾಗೇ ಇರುತ್ತದೆ. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ 1950ರ ದಶಕದಿಂದ ಶುರುಮಾಡಿ, ಹೆಂಗಸರು ತಾವೇ ಗಮನಿಸಿಕೊಳ್ಳಬಹುದಾದ ಈ ಬದಲಾವಣೆಯನ್ನು ಒಂದು ವಿದ್ಯೆಯಾಗಿ ಕಲಿಸಿದರು. ಅಕ್ಷರ ಬಾರದ ಹೆಂಗಸರೂ ಅದನ್ನು ಕಲಿತರು. ನೀನು ಕಲಿಯಲಾರೆಯಾ?

ತುರಿಕೆ, ಉರಿ, ದುರ್ವಾಸನೆ, ಒಡೆದ ಹಾಲಿನಂತೆ ಗಡ್ಡೆ ಗಡ್ಡೆ, ಹಸಿರು ಹಳದಿ ಬಣ್ಣ. ಇವು ಕಂಡರೆ ಮಾತ್ರ ಸೋಂಕು. ಅದಕ್ಕೆ ಡಾಕ್ಟರ ಹತ್ತಿರ ಔಷಧಿ ಇದೆ, ಬೇಗ ವಾಸಿಯಾಗುತ್ತದೆ. ಸಹಜವಾದದ್ದು ಯಾವುದು ಎಂದು ಗೊತ್ತಿದ್ದವಳಿಗೆ ಮಾತ್ರ ಅಸಹಜವಾದದ್ದು ಕಣ್ಣಿಗೆ ಬೀಳುತ್ತದೆ.

ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ ಮತ್ತು ಮಕ್ಕಳ ತಜ್ಞರ ಸಂಘ 2006ರಲ್ಲಿ ಒಂದು ಮಾತು ಹೇಳಿದವು, 2015ರಲ್ಲಿ ಅದನ್ನೇ ಮತ್ತೆ ಒತ್ತಿ ಹೇಳಲಾಯಿತು: ನಾಡಿ, ರಕ್ತದೊತ್ತಡ, ಉಸಿರಾಟ ನೋಡುವ ಹಾಗೆ ಹುಡುಗಿಯರ ಮುಟ್ಟನ್ನೂ ಆರೋಗ್ಯದ ಮೂಲ ಲಕ್ಷಣವಾಗಿ ನೋಡಬೇಕು. 15 ತುಂಬಿದರೂ ಮೈನೆರೆಯದಿದ್ದರೆ, ಬರುತ್ತಿದ್ದ ಮುಟ್ಟು 90 ದಿನ ಕಳೆದರೂ ಬಾರದಿದ್ದರೆ, ಏಳು ದಿನ ದಾಟಿಯೂ ನಿಲ್ಲದಿದ್ದರೆ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ ಡಾಕ್ಟರನ್ನು ಕಾಣಲೇಬೇಕು. ಥೈರಾಯ್ಡ್ ಇರಬಹುದು, ರಕ್ತ ಹೆಪ್ಪುಗಟ್ಟದ ತೊಂದರೆ ಇರಬಹುದು, ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರಬಹುದು. ಪಿಸಿಓಎಸ್ ಎಂದ ಕೂಡಲೇ 'ಇವಳಿಗೆ ಮಕ್ಕಳಾಗಲ್ಲ' ಎಂದು ತೀರ್ಪು ಕೊಡುವವರು ಇದ್ದಾರೆ. ಅದು ಅಜ್ಞಾನ. ಚಿಕಿತ್ಸೆ ಇದೆ, ಮಕ್ಕಳೂ ಆಗುತ್ತವೆ. ತಿಂಗಳು ತಿಂಗಳು ಶಾಲೆ ತಪ್ಪಿಸುವಷ್ಟು ಹೊಟ್ಟೆನೋವು ಬಂದರೆ 'ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಿಕೋ' ಎನ್ನುತ್ತಾರೆ. ಸಹಿಸಬೇಡ. ಎಂಡೋಮೆಟ್ರಿಯೋಸಿಸ್ ಎಂಬ ಕಾಯಿಲೆಯ ಎಷ್ಟೋ ಹೆಂಗಸರು ಈ ಮಾತು ಕೇಳಿಕೊಂಡೇ ಹಲವು ವರ್ಷ ಕಳೆದವರು. ಕ್ಷಯ ಶ್ವಾಸಕೋಶಕ್ಕಷ್ಟೇ ಬರುವುದಿಲ್ಲ, ಅಂಡನಾಳಗಳಿಗೂ ಬರುತ್ತದೆ, ನಮ್ಮ ದೇಶದಲ್ಲಿ ಮಕ್ಕಳಾಗದಿರಲು ಅದೂ ಒಂದು ದೊಡ್ಡ ಕಾರಣ. ಎಲ್ಲಕ್ಕಿಂತ ಸಾಮಾನ್ಯವಾದದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತ ಸಾಲದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಆ ನೀಲಿ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯಬೇಡ. ಊಟ ಆದ ಮೇಲೆ ನುಂಗು, ವಾಕರಿಕೆ ಕಮ್ಮಿ ಇರುತ್ತದೆ.

ಈಗ ನಿಜವಾಗಿ ಸಿಟ್ಟು ಬರಬೇಕಾದ ಮಾತಿಗೆ ಬರುತ್ತೇನೆ. ಹೆಣ್ಣಿನ ತಿಂಗಳ ಲೆಕ್ಕವನ್ನು ನಮ್ಮ ಹಿರಿಯರು ಇಡುತ್ತಿರಲಿಲ್ಲ ಎಂದುಕೊಂಡೆಯಾ? ಚೆನ್ನಾಗಿಯೇ ಇಟ್ಟಿದ್ದರು. ಮೂರು ದಿನ ಸೊಸೆ ಹೊರಗೆ ಕೂತರೆ ಮಾವನಿಗೆ, ಮೈದುನನಿಗೆ, ಪಕ್ಕದ ಮನೆಯವರಿಗೆ ತಾರೀಖು ಗೊತ್ತಾಗುತ್ತಿತ್ತು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ಪ್ರಸ್ತಕ್ಕೆ ಪುರೋಹಿತರು ಮುಹೂರ್ತ ಇಡುತ್ತಿದ್ದರು. ಸಮ ಸಂಖ್ಯೆಯ ರಾತ್ರಿಯಾದರೆ ಗಂಡು, ಬೆಸ ರಾತ್ರಿಯಾದರೆ ಹೆಣ್ಣು ಎಂದು ಮನುಸ್ಮೃತಿ ಲೆಕ್ಕ ಹಾಕಿಟ್ಟಿದೆ. ಆ ಲೆಕ್ಕ ಎಲ್ಲರ ಹತ್ತಿರ ಇತ್ತು, ಯಾರ ದೇಹದ್ದೋ ಅವಳೊಬ್ಬಳನ್ನು ಬಿಟ್ಟು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಎಷ್ಟೋ ಸಲ ಅವಳು ಮಗು. 1891ರಲ್ಲಿ ಬ್ರಿಟಿಷ್ ಸರ್ಕಾರ ದೇಹ ಸಂಬಂಧಕ್ಕೆ ಹುಡುಗಿಯ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೇ ದೇಶದಲ್ಲಿ ದೊಡ್ಡ ಗಲಾಟೆ ಆಯಿತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ತಂದ ಕಾನೂನು ಎಂಟು ವರ್ಷದ ಒಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. 50 ದಾಟಿದ ಗಂಡಸು 14ರ ಒಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂದಿತು. ಅದನ್ನು ಕಾನೂನು ಮಾಡಿ ತಡೆಯಬೇಕಾಗಿತ್ತು ಎಂದರೆ ಅಂದಿನ ಸ್ಥಿತಿ ಊಹಿಸಿಕೋ. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು 14 ಎಂದಿತು, 1978ರಲ್ಲಿ ಅದು 18 ಆಯಿತು. ಇಷ್ಟೆಲ್ಲ ಆದ ಮೇಲೂ ಅದೇ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ. 21 ಮಂದಿ 18 ತುಂಬುವ ಮುಂಚೆ ತಾಳಿ ಕಟ್ಟಿಸಿಕೊಂಡವರು. ಐವರಲ್ಲಿ ಒಬ್ಬಳು. ನಿನ್ನ ಬೆಂಚಿನಲ್ಲಿ ಐದು ಜನ ಕೂರುತ್ತೀರಲ್ಲ, ಒಮ್ಮೆ ತಲೆ ತಿರುಗಿಸಿ ನೋಡು.

'ಮೈನೆರೆದಾಯಿತು, ಇನ್ನೇನು, ಮದುವೆ ಮಾಡಿಬಿಡೋಣ' ಎನ್ನುವವರಿಗೆ ಕೊಡಲು ನಿನ್ನ ಹತ್ತಿರ ಈಗ ಉತ್ತರ ಇದೆ. ಮುಟ್ಟು ಬಂದ ಮಾತ್ರಕ್ಕೆ ಮೈ ಹೆರಿಗೆಗೆ ಸಿದ್ಧವಾಗುವುದಿಲ್ಲ. ಮೊದಲ ಎರಡು ಮೂರು ವರ್ಷ ಎಷ್ಟೋ ತಿಂಗಳು ಅಂಡಾಣುವೇ ಬಿಡುಗಡೆಯಾಗುವುದಿಲ್ಲ, ಲಯ ಕೂಡಿಬರಲು ಅಷ್ಟು ಸಮಯ ಬೇಕು. ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ರಕ್ತ ನಿನಗೇ ಸಾಲದಿರುವಾಗ ಹೊಟ್ಟೆಯಲ್ಲಿರುವ ಕೂಸಿಗೆ ಎಲ್ಲಿಂದ ಕೊಡುತ್ತೀ? ಕರ್ನಾಟಕದಲ್ಲಂತೂ 2016ರ ತಿದ್ದುಪಡಿಯ ನಂತರ ಬಾಲ್ಯವಿವಾಹ ಶುರುವಿನಿಂದಲೇ ಅಸಿಂಧು. ಮಂಟಪ, ಊಟ, ಲಗ್ನಪತ್ರಿಕೆ ಎಲ್ಲ ಆಗಿದ್ದರೂ ಕಾನೂನಿನ ಕಣ್ಣಲ್ಲಿ ಆ ಮದುವೆ ನಡೆದೇ ಇಲ್ಲ. ತಮ್ಮ ಮದುವೆಯನ್ನು ತಾವೇ 1098ಕ್ಕೆ ಫೋನ್ ಮಾಡಿ ನಿಲ್ಲಿಸಿದ ಹುಡುಗಿಯರ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಅವರೂ ನಿನ್ನಂಥವರೇ, ಅದೇ ಯೂನಿಫಾರಂ, ಅದೇ ಸರ್ಕಾರಿ ಬಸ್ಸು.

ಮದುವೆಯಾದ ಮೇಲೂ ಈ ಜ್ಞಾನ ನಿನ್ನ ಬೆನ್ನಿಗಿರುತ್ತದೆ. ಹೆಣ್ಣು ಹೆತ್ತಳು ಎಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳನ್ನು ನೀನೂ ನೋಡಿರುತ್ತೀ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕನ್ ವಿಜ್ಞಾನಿ ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಮರಿ ಗಂಡೋ ಹೆಣ್ಣೋ ಎಂಬುದನ್ನು ಗಂಡು ಹುಳುವಿನ ವೀರ್ಯಾಣು ನಿರ್ಧರಿಸುತ್ತದೆ ಎಂದು ತೋರಿಸಿದಳು. ಮನುಷ್ಯರಲ್ಲೂ ಅಷ್ಟೇ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಮಾತ್ರ ಇರುತ್ತದೆ, ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಒಬ್ಬ ಹೆಂಗಸು ನೂರು ವರ್ಷದ ಹಿಂದೆಯೇ ಬಿಡಿಸಿಟ್ಟ ಸತ್ಯ ಇದು, ಹತ್ತನೇ ತರಗತಿಯ ಪುಸ್ತಕದಲ್ಲೂ ಇದೆ, ಆದರೂ ಬೈಗುಳ ನಿಂತಿಲ್ಲ. ಬಂಜೆ ಎಂಬ ಮಾತೂ ಹೆಂಗಸಿನ ಹಣೆಗೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣವಿರುತ್ತದೆ, ಒಂದು ಸರಳ ವೀರ್ಯ ಪರೀಕ್ಷೆ ಅದನ್ನು ಹೇಳಿಬಿಡುತ್ತದೆ. ಆ ಪರೀಕ್ಷೆಗೆ ಗಂಡನನ್ನು ಕರೆದೊಯ್ಯುವ ಮೊದಲೇ ಹೆಂಡತಿಯನ್ನು ಹತ್ತು ದೇವಸ್ಥಾನ ಸುತ್ತಿಸಿರುತ್ತಾರೆ. ನಾಳೆ ನಿನ್ನ ಅಕ್ಕನಿಗೆ ಹೀಗಾದರೆ ಎದ್ದು ನಿಂತು ಕೇಳು: 'ಭಾವನ ರಿಪೋರ್ಟ್ ಎಲ್ಲಿ?'

ಮೈಲಿಗೆಯ ಮಾತನ್ನು ಉದ್ದ ಎಳೆಯುವುದಿಲ್ಲ. ಹನ್ನೆರಡನೇ ಶತಮಾನದ ಶರಣರು ರಜಸ್ಸೂತಕವನ್ನೂ ಸೇರಿಸಿ ಐದು ಸೂತಕಗಳನ್ನು ನಿರಾಕರಿಸಿದ ನಾಡು ಇದು. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಯಾರೂ ಹೊಲ ಉಳುವುದಿಲ್ಲ, ಮಣ್ಣು ಅಗೆಯುವುದಿಲ್ಲ. ಅವಳಿಗೆ ಎಣ್ಣೆ ಎರೆದು ಉಪಚರಿಸುತ್ತಾರೆ, ಆಮೇಲೆ ಅವಳು ಬೆಳೆ ಕೊಡುತ್ತಾಳೆ. ಭೂಮಿಯ ಮುಟ್ಟಿಗೆ ಅಷ್ಟು ಗೌರವ ಕೊಡಲು ಗೊತ್ತಿದ್ದ ಜನ ನಾವು. ಅದೇ ನಾಡಿನಲ್ಲಿ, 2023ರ ಜುಲೈ ಮಳೆಯಲ್ಲಿ, ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿಟ್ಟರು. ಕೂಸು ಉಳಿಯಲಿಲ್ಲ. ಯಾವ ದೇವರು ಇದನ್ನು ಕೇಳಿದ?

ಶಾಲೆಯ ಕಡೆ ಬಾ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠ ಇತ್ತು, ಹತ್ತನೆಯದರಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಹೂವಿನ ಕೇಸರ, ಶಲಾಕಾಗ್ರ ಎಲ್ಲ ಬಣ್ಣದ ಚಾಕ್‌ಪೀಸಿನಲ್ಲಿ ಚಂದವಾಗಿ ಬರೆಯುವ ಮೇಷ್ಟ್ರು, ಮನುಷ್ಯರ ಭಾಗ ಬಂದ ತಕ್ಷಣ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಹಾಳೆ ಮಗುಚುತ್ತಾರೆ. ಹುಡುಗರು ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ ಅದರ ಮೇಲೆ ಅಂಕ ಇವೆ, ಆದರೂ ಪಾಠ ಇಲ್ಲ. 2007ರ ಸುಮಾರಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯ ಸರ್ಕಾರಗಳು, ನಮ್ಮದೂ ಸೇರಿ, ಬೇಡವೆಂದು ನಿಲ್ಲಿಸಿದ್ದವು. ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂಬ ಕಾರಣ ಕೊಟ್ಟರು. ಯಾವ ಸಂಸ್ಕೃತಿ? 1930ರಲ್ಲಿ ಇದೇ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಿತು. ಸರ್ಕಾರವೊಂದು ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಅದು ಮೊದಲು ಎಂದು ಗುರುತಿಸುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲದ ಸಂಕೋಚ ಈಗ ಎಲ್ಲಿಂದ ಬಂತು?

ಇದು ಹುಡುಗರೂ ಕಲಿಯಬೇಕಾದ ಪಾಠ. ನಿನ್ನ ತಮ್ಮನನ್ನು ಹೊರಗೆ ಕಳಿಸಿ ಗುಟ್ಟಾಗಿ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ತಿಳಿದುಕೊಂಡ ಹುಡುಗ ಮುಂದೆ ಹೆಂಡತಿಗೆ ಬಂಜೆ ಎನ್ನುವುದಿಲ್ಲ, 'ಸೇಫ್ ಡೇ' ಎಂದು ಯಾರಿಗೂ ಸುಳ್ಳು ಹೇಳುವುದಿಲ್ಲ.

ಹಾಗಾದರೆ ನೀನು ಮಾಡಬೇಕಾದ್ದು ಏನು? ಇವತ್ತೇ ಒಂದು ಸಣ್ಣ ನೋಟ್‌ಬುಕ್ ತಗೋ. ಮುಟ್ಟು ಶುರುವಾದ ತಾರೀಖು, ನಿಂತ ತಾರೀಖು, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ ಬದಲಿಸಿದೆ, ನೋವು ಎಷ್ಟಿತ್ತು, ನಡುವೆ ತಿಳಿ ಲೋಳೆ ಕಂಡ ದಿನ ಯಾವುದು, ಬರೆ. ಆರು ತಿಂಗಳು ಬಿಡದೆ ಬರೆದರೆ ನಿನ್ನದೇ ಲಯ ನಿನಗೆ ಕಾಣತೊಡಗುತ್ತದೆ. ಡಾಕ್ಟರು 'ಕೊನೆಯ ಮುಟ್ಟು ಯಾವಾಗ?' ಎಂದಾಗ ಅಮ್ಮನ ಮುಖ ನೋಡಬೇಕಾಗುವುದಿಲ್ಲ, ನೀನೇ ಹೇಳುತ್ತೀ. ಫೋನಿನ ಆ್ಯಪ್‌ಗಿಂತ ಸದ್ಯಕ್ಕೆ ಪುಸ್ತಕವೇ ವಾಸಿ. ಕೋಟ್ಯಂತರ ಹೆಂಗಸರು ಬಳಸುವ ಫ್ಲೋ ಎಂಬ ಮುಟ್ಟಿನ ಆ್ಯಪ್ ಅವರ ಖಾಸಗಿ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಕೊಟ್ಟ ಆರೋಪದ ಮೇಲೆ 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ರಾಜಿ ಮಾಡಿಕೊಳ್ಳಬೇಕಾಯಿತು. ಅತ್ತೆ ಮಾವನ ಕೈಯಿಂದ ಬಿಡಿಸಿಕೊಂಡ ಲೆಕ್ಕವನ್ನು ಕಂಪನಿಗಳ ಕೈಗೆ ಕೊಡಬೇಡ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಂಬ ಫಲಕ ಹುಡುಕು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19ರ ವಯಸ್ಸಿನವರಿಗೆಂದೇ ಇರುವ ಜಾಗ ಅದು. ಅಲ್ಲಿನ ಸಮಾಲೋಚಕರಿಗೆ ಎಂಥ ಪ್ರಶ್ನೆಯನ್ನೂ ಕೇಳಬಹುದು. ಒಬ್ಬಳೇ ಹೋಗಲು ಹೆದರಿಕೆಯಾದರೆ ಗೆಳತಿಯರನ್ನು ಕಟ್ಟಿಕೊಂಡು ಹೋಗು. ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿದು ಕೇಳು, ಅವರಿಗೂ ಕೇಳುವವರು ಬೇಕು. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಶಾಲೆಗೆ ಬರುತ್ತಿಲ್ಲವೆಂದರೆ ಹೆಡ್‌ಮಾಸ್ಟರಿಗೆ ಹತ್ತು ಜನ ಸೇರಿ ಸಹಿ ಮಾಡಿ ಅರ್ಜಿ ಕೊಡಿ.

ಹತ್ತನೇ ತರಗತಿಯ ಹುಡುಗಿಯರೇ, ನಿಮಗೆ ಒಂದು ಕೆಲಸ ಹೆಚ್ಚಿಗೆ ಇದೆ. ಆರನೇ ತರಗತಿಯ ಬಹಳಷ್ಟು ಮಕ್ಕಳಿಗೆ ಇನ್ನೂ ಮುಟ್ಟು ಬಂದಿರುವುದಿಲ್ಲ. ಊಟದ ಬಿಡುವಿನಲ್ಲಿ ಅವರನ್ನು ಮರದಡಿ ಕೂರಿಸಿಕೊಂಡು ಎಲ್ಲ ಹೇಳಿ. ರಕ್ತ ಕಂಡು ಸಾಯುತ್ತೇನೆಂದು ಹೆದರಿ ಬಾತ್‌ರೂಮಿನಲ್ಲಿ ಒಬ್ಬಳೇ ಅಳುವ ಹುಡುಗಿ ನಿಮ್ಮ ಶಾಲೆಯಲ್ಲಿ ಈ ವರ್ಷ ಒಬ್ಬಳೂ ಇರಬಾರದು.

ನಾಳೆ ವಿಜ್ಞಾನದ ಪೀರಿಯಡ್ಡಿನಲ್ಲಿ ಕೈ ಎತ್ತಿ. 'ಮೇಡಂ, ಸಂತಾನೋತ್ಪತ್ತಿಯ ಪಾಠ ಯಾವತ್ತು ಮಾಡ್ತೀರಿ?' ಎಂದು ಕೇಳಿ. ಮನೆಯಲ್ಲಿ ಓದಿಕೊಳ್ಳಿ ಎಂದರೆ ಮಾರನೇ ದಿನ ಇನ್ನೊಬ್ಬಳು ಕೈ ಎತ್ತಲಿ. ಅದರ ಮಾರನೇ ದಿನ ಮತ್ತೊಬ್ಬಳು. ಬೋರ್ಡಿನ ಮೇಲೆ ಆ ಚಿತ್ರ ಬರೆಯುವ ತನಕ, ಭಾಗಗಳ ಹೆಸರನ್ನು ತರಗತಿಯೆಲ್ಲ ಗಟ್ಟಿಯಾಗಿ ಓದುವ ತನಕ ಕೈ ಇಳಿಸಬೇಡಿ.